ಬಿಚ್ಚಬಹುದಾದ ಹೊಲಿಗೆ

2025ರ ಜೂನ್‌ನಲ್ಲಿ ಮಿಲಾನಿನಲ್ಲಿ ಪ್ರಾಡಾ ಕಂಪನಿಯ ರೂಪದರ್ಶಿಗಳು ಮೆಟ್ಟಿ ನಡೆದ ಚಪ್ಪಲಿ ನೋಡಿ ದೇಶವೆಲ್ಲ ಕೊಲ್ಹಾಪುರದ ಹೆಸರು ಹಿಡಿದು ಕೂಗಿತು. ಅಂಕಲಿ, ಅಥಣಿ, ನಿಪ್ಪಾಣಿ ಕಡೆಯವರಾದ ನಮಗೆ ಇನ್ನೊಂದು ಸಣ್ಣ ಮುನಿಸೂ ಇತ್ತು. ಕೊಲ್ಹಾಪುರಿ ಎಂದು ಮಾರಾಟವಾಗುವ ಎಷ್ಟೋ ಜೋಡುಗಳು ಹುಟ್ಟುವುದು ನಮ್ಮ ಕಡೆಯ ಮನೆಗಳಲ್ಲಿ. 2019ರ ಭೌಗೋಳಿಕ ಗುರುತು ಕೂಡ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳಿಗೂ ಸೇರಿದೆ. ಆದರೆ ಯಾರ ಚಪ್ಪಲಿ ಎಂಬ ಜಗಳದಲ್ಲಿ ಎಂಥ ಚಪ್ಪಲಿ ಎಂಬ ಪ್ರಶ್ನೆ ಯಾರಿಗೂ ಬೇಡವಾಯಿತು.

ಮಿಲಾನ್ ಎತ್ತಿಕೊಂಡದ್ದು ಕಣ್ಣಿಗೆ ಕಾಣುವುದನ್ನು: ಹೆಬ್ಬೆರಳಿನ ಉಂಗುರ, ಹೆಣೆದ ಪಟ್ಟಿ, ಚಪ್ಪಟೆ ಅಟ್ಟೆ. ಈ ಜೋಡು ಬಾಳುವುದು ಮಾತ್ರ ಕಣ್ಣಿಗೆ ಕಾಣದ ಕಡೆಯಿಂದ. ಜಾಲಿಯ ತೊಗಟೆ, ಅಳಲೆಕಾಯಿಯ ರಸದಲ್ಲಿ ವಾರಗಟ್ಟಲೆ ಹದಗೊಂಡ ತೊಗಲು. ಪದರದ ಮೇಲೆ ಪದರವಿಟ್ಟ ದಪ್ಪ ಎಮ್ಮೆ ತೊಗಲಿನ ಅಟ್ಟೆ. ಅದನ್ನು ಹೊಲಿಯುವ ದಾರವೂ ತೊಗಲೇ. ಮೊಳೆ ಇಲ್ಲ, ಅಂಟು ಇಲ್ಲ. ಹಾಗಾಗಿ ಹೊಲಿಗೆ ಸಡಿಲಾದರೆ ಬಿಚ್ಚಿ ಮತ್ತೆ ಹೊಲಿಯಬಹುದು. ಪಟ್ಟಿ ಕಿತ್ತರೆ ಪಟ್ಟಿಯೊಂದನ್ನೇ ಬದಲಿಸಬಹುದು. ಕೊನೆಗೆ ತಿಪ್ಪೆಗೆ ಹೋದರೂ ಅಲ್ಲಿ ಕೊಳೆಯದೆ ಉಳಿಯುವ ಭಾಗ ಇಲ್ಲ.

ಇದಕ್ಕೆ ನೀರು ಆಗದು. ಮಳೆಗಾಲದಲ್ಲಿ ಮೆಟ್ಟಿದರೆ ಅಟ್ಟೆ ಊದಿಕೊಳ್ಳುತ್ತದೆ, ಹೊಲಿಗೆ ಬಿಡುತ್ತದೆ. ಮಳೆ ಬಂದಾಗ ಎತ್ತಿಡಬೇಕು, ಒಣಗಿದರೆ ಎಣ್ಣೆ ಸವರಬೇಕು, ಹೊಸದು ಕಚ್ಚಿದರೆ ಸಹಿಸಬೇಕು. ಮೆಟ್ಟುವವನೂ ಒಂದಿಷ್ಟು ಕೆಲಸ ಮಾಡುತ್ತಾನೆ ಎಂದು ನಂಬಿ ಮಾಡಿದ ವಿನ್ಯಾಸ ಇದು. ಸುಸ್ಥಿರ ಫ್ಯಾಶನ್ ಕುರಿತ ಬರಹಗಳು ಬಹುಪಾಲು ಯಾವ ವಸ್ತು, ಯಾವ ಬಣ್ಣ ಎಂದು ಕೇಳಿ ನಿಂತುಬಿಡುತ್ತವೆ. ಬಿಚ್ಚಲು ಬರುತ್ತದೆಯೇ ಎಂದು ಕೇಳುವುದಿಲ್ಲ.

ಈಗ ಪೇಟೆಯಲ್ಲಿ ಸಿಗುವ ಅಗ್ಗದ ಜೋಡಿನ ಅಟ್ಟೆಯ ಕೆಳಗೆ ಅಂಟಿಸಿದ ರಬ್ಬರ್ ಇದೆ, ಮೇಲೆ ಬೇಗ ಹದವಾಗುವ ಕ್ರೋಮ್ ತೊಗಲಿದೆ. ಫೋಟೋದಲ್ಲಿ ಎರಡಕ್ಕೂ ವ್ಯತ್ಯಾಸ ಕಾಣದು. ಅಂಟು ಬಂದದ್ದೇ ತಡ, ತೊಗಲು ರಬ್ಬರನ್ನು ಬಿಡುವುದಿಲ್ಲ, ರಬ್ಬರು ತೊಗಲನ್ನು ಕೊಳೆಯಲು ಬಿಡುವುದಿಲ್ಲ. ಇದನ್ನು ಬೈಯುವುದು ಸುಲಭ, ನಾನು ಬೈಯಲಾರೆ. ಕಬ್ಬಿನ ಗದ್ದೆಯ ಕೆಸರಲ್ಲಿ ನಡೆಯುವವನಿಗೆ ರಬ್ಬರೇ ಬೇಕು. ದಿನಕ್ಕೆ ನಾಲ್ಕು ಜೋಡು ಹೆಚ್ಚು ಮಾಡಿದರೆ ಮಾಡುವವನ ಒಲೆ ಉರಿಯುತ್ತದೆ. ಹಳೆಯ ವಿಧಾನವನ್ನು ‘ಪರಿಸರಸ್ನೇಹಿ’ ಎಂದು ಹೊಗಳುವವರು ಸುಣ್ಣದ ನೀರಿನಲ್ಲಿ ತೊಯ್ದು ಒಡೆದ ಕೈಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ತೊಗಲು ಹದ ಮಾಡಿದ ಡೋಹರರಿಗೆ, ಹೊಲಿದ ಸಮಗಾರರಿಗೆ ಈ ಕಸುಬು ಆಯ್ದುಕೊಂಡ ಕಲೆಯಾಗಿರಲಿಲ್ಲ. ಅದರ ಜೊತೆ ಊರ ಹೊರಗಿನ ಕೇರಿಯೂ ಬಂದಿತ್ತು. ಮಕ್ಕಳು ಕಸುಬು ಬಿಟ್ಟರೆ ‘ಪರಂಪರೆ ಅಳಿಯಿತು’ ಎಂದು ಮರುಗುವ ಹಕ್ಕು ನಮಗೆಷ್ಟಿದೆ?

ಹರಳಯ್ಯನ ಕತೆ ಇಲ್ಲಿ ನೆನಪಾಗದೆ ಇರದು. ತನ್ನ, ಹೆಂಡತಿಯ ತೊಡೆಯ ಚರ್ಮದಿಂದ ಮಾಡಿತಂದ ಪಾದರಕ್ಷೆಯನ್ನು ಬಸವಣ್ಣ ಮೆಟ್ಟಲಾರದೆ ತಲೆಯ ಮೇಲೆ ಹೊತ್ತ ಎನ್ನುತ್ತದೆ ಅದು. ಮಾಡಿದವನ ಮೈಯೇ ಮಾಡಿದ ವಸ್ತುವಿನಲ್ಲಿದೆ ಎಂದು ಇಷ್ಟು ನೇರವಾಗಿ ಹೇಳುವ ಇನ್ನೊಂದು ಕತೆ ನನಗೆ ಗೊತ್ತಿಲ್ಲ. ತಲೆಯ ಮೇಲಿಡುವುದು ಬಸವಣ್ಣನಿಗೆ ಋಣದ ಒಪ್ಪಿಗೆಯಾಗಿತ್ತು. ಇಂದು ನಾವು ಜೋಡನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಪೂಜಿಸುವಾಗ ಆ ಋಣ ಮಾಯವಾಗಿ ತಲೆಯ ಮೇಲಿಡುವುದಷ್ಟೇ ಉಳಿಯುತ್ತದೆ. ಮೆಟ್ಟದ ಜೋಡು ಸವೆಯುವುದಿಲ್ಲ, ಹೊಲಿಯುವವನ ಬಳಿಗೆ ಮರಳುವುದೂ ಇಲ್ಲ.

2025ರ ಡಿಸೆಂಬರಿನಲ್ಲಿ ಪ್ರಾಡಾ ನಮ್ಮ ಲಿಡ್ಕರ್ ಮತ್ತು ಮಹಾರಾಷ್ಟ್ರದ ಲಿಡ್ಕಾಮ್ ನಿಗಮಗಳ ಜೊತೆ ಒಪ್ಪಂದ ಮಾಡಿಕೊಂಡಿತು. ಎರಡೂ ರಾಜ್ಯಗಳಲ್ಲಿ 2,000 ಜೋಡು ತಯಾರಿಸುವ, ಜೋಡಿಗೆ ಸುಮಾರು 800 ಯೂರೋ ಬೆಲೆಯಿಡುವ ಯೋಜನೆ ಅದು. ಹೆಸರು ಸಿಕ್ಕಿತು ಎಂದು ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಆದರೂ ಕೇಳಬೇಕಾದದ್ದು ಉಳಿದಿದೆ. ಆ 800 ಯೂರೋದಲ್ಲಿ ಹೊಲಿಗೆಗೆ ಎಷ್ಟು, ಹದ ಮಾಡಿದ್ದಕ್ಕೆ ಎಷ್ಟು? ಯುರೋಪಿನ ಯಾವುದೋ ಮಳೆಯಲ್ಲಿ ಅದರ ಪಟ್ಟಿ ಕಿತ್ತರೆ ಕೊಂಡವನು ಅದನ್ನು ಯಾರ ಕೈಗೆ ಕೊಡುತ್ತಾನೆ?