ಬಯಲಿನ ಉತ್ಸವಗಳೂ ರಸಾಸ್ವಾದವೂ : ಒಂದು ಪರಾಮರ್ಶೆ

ಹಣ ತೆರದೆ, ಬಾಗಿಲು ದಾಟದೆ, ಆಕಾಶದ ಕೆಳಗೆ ನಿಂತು ಅನುಭವಿಸಬಹುದಾದ ಕಲೆಯ ವಿಷಯದಲ್ಲಿ ನಮ್ಮ ವಿದ್ಯಾವಂತರಲ್ಲಿ ಎರಡು ಅಭಿಪ್ರಾಯಗಳು ರೂಢವಾಗಿವೆ. ಬಿಟ್ಟಿಯಾಗಿ ದೊರೆತದ್ದಕ್ಕೆ ಬೆಲೆಯಿಲ್ಲ, ಜಾತ್ರೆಯ ಗದ್ದಲದಲ್ಲಿ ರಸಾಸ್ವಾದ ಅಸಾಧ್ಯ, ಅಲ್ಲಿ ನೆರೆಯುವವರು ಕಾಲಕ್ಷೇಪಕ್ಕೆ ಬಂದವರೇ ಹೊರತು ರಸಿಕರಲ್ಲ ಎಂಬುದು ಒಂದು. ಬಾಗಿಲು ತೆರೆದೊಡನೆಯೇ ಕಲೆ ಜನತೆಯ ಸೊತ್ತಾಯಿತು ಎಂಬುದು ಇನ್ನೊಂದು. ಇದು ಸಾಮಾನ್ಯವಾಗಿ ಉದ್ಘಾಟನ ಭಾಷಣಗಳಲ್ಲಿ ಕೇಳಿಬರುವ ಮಾತು. ಎರಡಕ್ಕೂ ಸಮಾನವಾದ ದೋಷವೊಂದಿದೆ. ಎರಡೂ ಉತ್ಸವವನ್ನು ಅದರ ಚರಿತ್ರೆಯಿಂದ ಬೇರ್ಪಡಿಸಿ, ಚೀಟಿಯ ಬೆಲೆಯೊಂದನ್ನೇ ಹಿಡಿದು ಅಳೆಯುತ್ತವೆ. ಮೈಸೂರಿನ ದಸರೆಯಲ್ಲಿ ಅರಮನೆಯ ಮುಂದೆ ನಡೆಯುವ ಸಂಗೀತ, ಕರಾವಳಿಯ ಹರಕೆಯ ಬಯಲಾಟ, ಬೆಂಗಳೂರಿನ ಚಿತ್ರಸಂತೆ, ಈ ಮೂರನ್ನು ಎದುರಿಗಿಟ್ಟುಕೊಂಡು ಆ ಅಭಿಪ್ರಾಯಗಳನ್ನು ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

ಬಯಲಿನಲ್ಲಿ ನಡೆದದ್ದೆಲ್ಲವೂ ಎಲ್ಲರಿಗಾಗಿ ನಡೆದುದಲ್ಲವೆಂಬುದನ್ನು ಮೊದಲು ನೆನೆಯಬೇಕು. ೧೪೪೩ರಲ್ಲಿ ಎರಡನೆಯ ದೇವರಾಯನ ಆಸ್ಥಾನಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ವಿಜಯನಗರದ ಮಹಾನವಮಿಯನ್ನು ಬೆರಗಿನಿಂದ ವರ್ಣಿಸಿರುವನು. ಹಲವು ಅಂತಸ್ತುಗಳ ಮಂಟಪಗಳು, ಅವುಗಳ ಮೇಲೆ ಮನುಷ್ಯರಿಂದ ಮೊದಲುಗೊಂಡು ನೊಣ ಸೊಳ್ಳೆಗಳವರೆಗೆ ಸೂಕ್ಷ್ಮವಾಗಿ ಬರೆದ ಚಿತ್ರಗಳು, ಗಾಯಕರು, ಕಥೆ ಹೇಳುವವರು, ನರ್ತಕಿಯರು, ಎಲ್ಲವೂ ಅಲ್ಲಿವೆ. ಚಿತ್ರ ಸಂಗೀತಗಳೆರಡೂ ಒಂದೇ ಬಯಲಿನಲ್ಲಿ ಕೂಡಿದ ಉತ್ಸವವೊಂದರ ಇಷ್ಟು ವಿವರವಾದ ವರ್ಣನೆ ನಮ್ಮ ನಾಡಿನ ಮಟ್ಟಿಗೆ ಅಪರೂಪ. ಆದರೆ ಸುಮಾರು ೧೫೨೦ರಲ್ಲಿ ಅದೇ ಉತ್ಸವವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಪಾಯೆಸನು ಬಾಗಿಲ ಮಾತನ್ನೂ ಹೇಳುತ್ತಾನೆ. ಕೈಯಲ್ಲಿ ಕೋಲನ್ನೂ ಚರ್ಮದ ಚಾವಟಿಯನ್ನೂ ಹಿಡಿದ ದ್ವಾರಪಾಲಕರು ಅಲ್ಲಿದ್ದರು. ನಾಯಕರನ್ನೂ ಪ್ರಮುಖರನ್ನೂ ಅಪ್ಪಣೆ ಪಡೆದವರನ್ನೂ ಬಿಟ್ಟು ಇತರರಿಗೆ ಪ್ರವೇಶವಿರಲಿಲ್ಲ. ಹಜಾರರಾಮ ದೇವಾಲಯದ ಪ್ರಾಕಾರದ ಹೊರಮೈಯಲ್ಲಿ ಆನೆ, ಕುದುರೆ, ಸೈನಿಕರು, ನರ್ತಕಿಯರ ಸಾಲುಗಳು ಪಟ್ಟಿಪಟ್ಟಿಯಾಗಿ ಕೆತ್ತಲ್ಪಟ್ಟಿವೆ. ಹೊರಗಿನವರಿಗಾಗಿ ಕೆತ್ತಿದ ಉತ್ಸವವೆಂದು ಅದನ್ನು ಕರೆಯುವ ಆಸೆ ಯಾರಿಗಾದರೂ ಹುಟ್ಟಬಹುದು. ಆದರೆ ಆ ಗೋಡೆಯೂ ರಾಜಾವರಣದ ಒಳಗೇ ಇದೆ.

ಈ ಮಹಾನವಮಿಯ ಪರಂಪರೆಯನ್ನು ರಾಜ ಒಡೆಯರು ೧೬೧೦ರಲ್ಲಿ ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. ಗೋವಿಂದವೈದ್ಯನ ‘ಕಂಠೀರವ ನರಸರಾಜ ವಿಜಯ’ದಲ್ಲಿ (೧೬೪೮) ಅದರ ವೈಭವಕ್ಕೆ ಎಡೆ ದೊರೆತಿದೆ. ಮುಂದೆ ಮೈಸೂರಿನಲ್ಲಿ ವೀಣೆ ಶೇಷಣ್ಣ, ವಾಸುದೇವಾಚಾರ್ಯರಂಥ ಆಸ್ಥಾನ ವಿದ್ವಾಂಸರ ನಾದವನ್ನು ಕೇಳಿದವರು ದರಬಾರಿಗೆ ಕರೆಯಲ್ಪಟ್ಟವರು. ಊರಿನವರಿಗೆ ಮೆರವಣಿಗೆಯಿತ್ತು, ದೀಪಗಳಿದ್ದುವು. ೧೮೯೭ರಲ್ಲಿ ಮರದ ಅರಮನೆ ಬೆಂಕಿಗೆ ಆಹುತಿಯಾಗಿ, ಹೆನ್ರಿ ಇರ್ವಿನ್ನನ ಯೋಜನೆಯಂತೆ ೧೯೧೨ರಲ್ಲಿ ಹೊಸ ಅರಮನೆ ಪೂರ್ಣಗೊಂಡಿತು. ಅದರ ಮುಂದಿನ ವಿಶಾಲವಾದ ಅಂಗಳಕ್ಕೆ ಮುಖ ಮಾಡಿದ ದರಬಾರು ಸಭಾಂಗಣವನ್ನು ನೋಡಿದವರಿಗೆ ಈ ಸಂಬಂಧ ಸ್ಪಷ್ಟವಾಗುವುದು. ಮೇಲೆ ಕುಳಿತವರು ಕೆಳಗಿನದನ್ನು ನೋಡುವರು. ಕೆಳಗೆ ನಿಂತವರು ಮೇಲಿನವರನ್ನು ನೋಡುವರು. ೧೯೭೧ರಲ್ಲಿ ರಾಜಧನ ರದ್ದಾದ ಬಳಿಕ ದಸರೆ ಸರ್ಕಾರದ ನಾಡಹಬ್ಬವಾಗಿ ಉಳಿಯಿತು. ಅಂಬಾರಿಯಲ್ಲಿ ಅರಸರ ಸ್ಥಾನಕ್ಕೆ ಚಾಮುಂಡೇಶ್ವರಿಯ ವಿಗ್ರಹ ಬಂದಿತು.

ಇಂದು ಆ ಅಂಗಳದಲ್ಲಿಯೇ ವೇದಿಕೆ ಕಟ್ಟಿ ನವರಾತ್ರಿಯ ಸಂಜೆಗಳಲ್ಲಿ ಸಂಗೀತ ನೃತ್ಯಗಳನ್ನು ಉಚಿತವಾಗಿ ಏರ್ಪಡಿಸುತ್ತಾರೆ. ಒಂದು ಕಾಲಕ್ಕೆ ಅಪ್ಪಣೆಯಿಲ್ಲದೆ ಕಾಲಿಡಲಾಗದಿದ್ದ ಸ್ಥಳದಲ್ಲಿ ಹೂಮಾರುವವಳೂ ಹಳ್ಳಿಯಿಂದ ಬಂದ ಶಾಲಾಬಾಲಕನೂ ಕುಳಿತು ಕಛೇರಿ ಕೇಳಬಹುದೆಂಬುದು ಅಲ್ಪವಾದ ಸಂಗತಿಯಲ್ಲ. ಇದನ್ನು ಲಘುವಾಗಿ ಕಾಣುವ ವಿದ್ವಾಂಸರು ಪಾಯೆಸನ ಚಾವಟಿಯನ್ನು ಮರೆತವರು. ಆದರೂ ಆ ಅಂಗಳದ ಕುರ್ಚಿಗಳ ವಿನ್ಯಾಸವನ್ನು ಚರಿತ್ರಕಾರನ ಕಣ್ಣಿನಿಂದ ನೋಡಬೇಕು. ಮುಂದಿನ ಸಾಲುಗಳು ಗಣ್ಯರಿಗೂ ಪಾಸು ಪಡೆದವರಿಗೂ ಮೀಸಲು. ಅನಂತರ ಕಂಬಿಯ ತಡೆ. ಅದರ ಹಿಂದೆ ಸಾರ್ವಜನಿಕರು. ಗಣ್ಯರ ಕುರ್ಚಿಗಳು ಖಾಲಿಯಾಗಿದ್ದರೂ ಹಿಂದಿನವರು ಮುಂದೆ ಬರುವಂತಿಲ್ಲ. ಗಾಯಕನು ಆಲಾಪನೆಯಲ್ಲಿ ಒಂದು ಸಂಗತಿಯನ್ನು ಹೊಳೆಯಿಸಿದಾಗ ಎದುರಿಗಿರುವುದು ಬಿಳಿಯ ಬಟ್ಟೆ ಹೊದಿಸಿದ ಬರಿಯ ಕುರ್ಚಿ. ‘ಭಲೆ’ ಎನ್ನಬಲ್ಲವನು ನೂರು ಗಜ ಹಿಂದೆ, ಧ್ವನಿವರ್ಧಕದ ಕೆಳಗೆ. ಪ್ರವೇಶಕ್ಕೆ ಹಣವಿಲ್ಲ ನಿಜ, ಆದರೆ ದರಬಾರಿನ ಆಸನಕ್ರಮ ಹಾಗೆಯೇ ಇದೆ. ನಮ್ಮ ಸಂಗೀತವು ಕೇಳುವವನ ಮುಖವನ್ನು ನೋಡಿ ಬೆಳೆಯುವಂಥದು. ಮನೋಧರ್ಮವೆಂಬ ಮಾತಿನ ಅರ್ಥವೇ ಅದು. ಆದ್ದರಿಂದ ಈ ದೂರವು ಕೇವಲ ಸೌಜನ್ಯದ ಪ್ರಶ್ನೆಯಲ್ಲ, ಸಂಗೀತದ ಸ್ವರೂಪವನ್ನೇ ಮುಟ್ಟುವ ಪ್ರಶ್ನೆ.

ಬಯಲು ಶಾಸ್ತ್ರೀಯ ಸಂಗೀತಕ್ಕೆ ಒಗ್ಗದು ಎಂಬ ಆಕ್ಷೇಪಣೆಗೂ ಇಲ್ಲಿ ಒಂದೆರಡು ಮಾತು ಸಲ್ಲುತ್ತದೆ. ವೀಣೆಯ ಮಟ್ಟಿಗೆ ಅದು ಸರಿ. ಗೋಡೆಯಿಲ್ಲದಲ್ಲಿ ನಾದ ಮರಳಿ ಬಾರದೆ ಹರಿದುಹೋಗುವುದು. ಆದರೆ ನಾಗಸ್ವರ ಡೋಲುಗಳು ಬೀದಿಗೂ ದೇಗುಲದ ಅಂಗಳಕ್ಕೂ ಹುಟ್ಟಿದ ವಾದ್ಯಗಳು. ಅವನ್ನು ಮುಚ್ಚಿದ ಸಭಾಂಗಣಕ್ಕೆ ತಂದಾಗಲೇ ಕಿವಿಗೆ ಹಿಂಸೆ. ರಾಗವಿಸ್ತಾರಕ್ಕೆ ಹೆಸರಾದ ನಾಗಸ್ವರ ವಿದ್ವಾಂಸರು ಆ ಕೌಶಲವನ್ನು ಉತ್ಸವದ ಮೆರವಣಿಗೆಗಳಲ್ಲಿ, ಬಿಟ್ಟಿಯಾಗಿ ಕೇಳುವ ಜನರ ನಡುವೆ ರೂಢಿಸಿಕೊಂಡರೆಂಬುದನ್ನು ಆಕ್ಷೇಪಿಸುವವರು ಗಮನಿಸುವುದಿಲ್ಲ. ಬೆಂಗಳೂರು ಚಾಮರಾಜಪೇಟೆಯಲ್ಲಿ ಶ್ರೀರಾಮಸೇವಾ ಮಂಡಳಿಯು ೧೯೩೯ರಿಂದ ನಡೆಸುತ್ತ ಬಂದಿರುವ ರಾಮನವಮಿಯ ಕಛೇರಿಗಳಿಗೆ ಚೀಟಿಯುಂಟು. ಆದರೂ ಚಪ್ಪರದ ಹೊರಗೆ ರಸ್ತೆಯಂಚಿನಲ್ಲಿ ಕುಳಿತು ಕೇಳಿದವರೂ ಅದರ ಶ್ರೋತೃಪರಂಪರೆಗೆ ಸೇರಿದವರೇ. ಅವರಲ್ಲಿ ಎಷ್ಟೋ ಮಂದಿ ಒಳಗಿನವರಿಗಿಂತ ಚೆನ್ನಾಗಿ ತಾಳ ಹಾಕಬಲ್ಲವರಾಗಿದ್ದರೆಂದು ಹಿರಿಯರು ಹೇಳುವುದುಂಟು. ಇದನ್ನು ಸಾಕ್ಷ್ಯವೆಂದು ಮಂಡಿಸುತ್ತಿಲ್ಲ. ಆದರೆ ನಂಬಲು ಕಷ್ಟವೂ ಇಲ್ಲ.

ಬಿಟ್ಟಿಯ ಪ್ರೇಕ್ಷಕನಲ್ಲಿ ವಿವೇಚನೆಯಿರದು ಎಂಬ ವಾದವನ್ನು ಸಂಪೂರ್ಣವಾಗಿ ಮುರಿಯುವ ನಿದರ್ಶನ ಬಯಲಾಟ. ಹೆಸರಿನಲ್ಲಿಯೇ ಬಯಲನ್ನು ಹೊತ್ತಿರುವ ಈ ಕಲೆಗೆ, ಶಿವರಾಮ ಕಾರಂತರ ಗ್ರಂಥವು ೧೯೫೯ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಬಳಿಕ, ವಿದ್ವತ್ ಪ್ರಪಂಚದಲ್ಲಿ ಗೌರವ ದೊರೆತಿದೆಯೆಂಬುದು ಸರಿ. ಆದರೆ ಅದರ ಪ್ರೇಕ್ಷಕನನ್ನು ಕುರಿತು ನಾವು ಇನ್ನೂ ಸಾಕಷ್ಟು ಆಲೋಚಿಸಿಲ್ಲ. ದಕ್ಷಿಣ ಕನ್ನಡದಲ್ಲಿ ಹರಕೆಯ ಆಟವೆಂದರೆ ಒಂದು ಮನೆತನ ದೇವರಿಗೆ ಹೊತ್ತ ಹರಕೆಯನ್ನು ಊರಿನ ಮುಂದೆ ತೀರಿಸುವ ಬಗೆ. ವೀಳ್ಯವನ್ನು ಮನೆಯವರು ಕೊಡುತ್ತಾರೆ. ನೋಡುವವನು ಏನನ್ನೂ ಕೊಡಬೇಕಿಲ್ಲ. ಬಂದವರಿಗೆ ಊಟವೂ ಉಂಟು. ಕಟೀಲು ಮೇಳದ ಆಟಗಳಿಗೆ ವರ್ಷಗಟ್ಟಲೆ ಮುಂಚಿತವಾಗಿ ಹೆಸರು ಬರೆಸಿ ಕಾಯುವ ಭಕ್ತರಿದ್ದಾರೆ. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಡೇರೆ ಹಾಕಿ ಚೀಟಿ ಮಾರುವ ಮೇಳಗಳು ತಲೆಯೆತ್ತಿದಾಗ, ಬಯಲಿನ ಆಟಕ್ಕೆ ಕಾಲ ಮುಗಿಯಿತೆಂದು ಭಾವಿಸಲು ಕಾರಣವಿತ್ತು. ಪರಿಣಾಮ ಬೇರೆಯಾಯಿತು. ಡೇರೆಯ ಮೇಳಗಳಲ್ಲಿ ಬಹುಪಾಲು ನಿಂತುಹೋಗಿ ಸಾಲಿಗ್ರಾಮ, ಪೆರ್ಡೂರಿನಂಥ ಕೆಲವು ಉಳಿದುವು. ಹರಕೆಯ ಆಟ ಬೆಳೆಯಿತು.

ಈ ಬಯಲಿನಲ್ಲಿ ಕುಳಿತವನು ಒಂದೇ ಪ್ರಸಂಗವನ್ನು ಹತ್ತು ವೇಷಧಾರಿಗಳಲ್ಲಿ ನೋಡಿದವನು. ಭಾಗವತನು ಪದ್ಯವನ್ನು ಎತ್ತಿಕೊಂಡ ಶ್ರುತಿಯಲ್ಲಿ ಬಳಲಿಕೆ ಕಂಡರೆ ಅವನಿಗೆ ತಿಳಿಯುವುದು. ಅರ್ಥಗಾರಿಕೆಯಲ್ಲಿ ಮಾತು ಪಾತ್ರವನ್ನು ಬಿಟ್ಟು ಜಾರಿದರೆ ಮರುದಿನ ಚಹದ ಅಂಗಡಿಯಲ್ಲಿ ಅದರ ವಿಚಾರಣೆ ನಡೆಯುವುದು. ಬೇಸರವಾದಾಗ ಅವನು ಎದ್ದು ಹೋಗುವನು, ಅಲ್ಲಿಯೇ ನಿದ್ರಿಸುವನು, ದೇವಿಯ ಪ್ರವೇಶಕ್ಕೆ ಚೆಂಡೆ ಎದ್ದಾಗ ಎಚ್ಚರಗೊಳ್ಳುವನು. ಸಭಾಂಗಣದ ಶಿಷ್ಟಾಚಾರಕ್ಕೆ ಇದು ಅಸಭ್ಯವೆನಿಸಬಹುದು. ಆದರೆ ಎದ್ದುಹೋಗುವ ಸ್ವಾತಂತ್ರ್ಯವಿರುವ ಪ್ರೇಕ್ಷಕನನ್ನು ಹಿಡಿದು ನಿಲ್ಲಿಸುವುದು ಹಣ ಕೊಟ್ಟು ಕುಳಿತವನನ್ನು ನಿಲ್ಲಿಸುವುದಕ್ಕಿಂತ ಕಠಿನವಾದ ಪರೀಕ್ಷೆ, ಮತ್ತು ಕಲಾವಿದರು ಇದನ್ನು ಚೆನ್ನಾಗಿ ಬಲ್ಲರು. ೨೦೦೦ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ ೧೦ರಿಂದ ಬೆಳಗಿನ ೬ರವರೆಗೆ ಧ್ವನಿವರ್ಧಕವನ್ನು ನಿರ್ಬಂಧಿಸುತ್ತವೆ. ಹಲವು ಮೇಳಗಳು ಕಾಲಮಿತಿಯ ಪ್ರಯೋಗಕ್ಕೆ ಇಳಿದಿವೆ. ನೆರೆಹೊರೆಯವರ ನಿದ್ರೆ ಅಮುಖ್ಯವಲ್ಲ. ಆದರೆ ಇಡೀ ರಾತ್ರಿಯ ಆಟ ಕೆಲವೇ ಗಂಟೆಗಳಿಗೆ ಇಳಿದಾಗ ಮೊಟಕಾಗುವುದು ಪ್ರಸಂಗ ಮಾತ್ರವಲ್ಲ. ನಿಧಾನವಾಗಿ ತೀರ್ಪು ಕೊಡುವ ಆ ಪ್ರೇಕ್ಷಕನ ಅಭ್ಯಾಸವೂ ಮೊಟಕಾಗುತ್ತದೆ.

ಚಿತ್ರಸಂತೆಯ ವಿಷಯ ಬೇರೆ. ೧೯೬೦ರಲ್ಲಿ ಎಂ. ಎಸ್. ನಂಜುಂಡರಾಯರ ಪ್ರಯತ್ನದಿಂದ ರೂಪುಗೊಂಡ ಚಿತ್ರಕಲಾ ಪರಿಷತ್ತು ೨೦೦೩ರಲ್ಲಿ ಇದನ್ನು ಆರಂಭಿಸಿತು. ವರ್ಷಕ್ಕೆ ಒಂದು ಭಾನುವಾರ, ಸಾಮಾನ್ಯವಾಗಿ ಜನವರಿಯಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಅವರ ನಿವಾಸದ ಹೆಸರನ್ನು ಹೊತ್ತ ಕುಮಾರಕೃಪಾ ರಸ್ತೆಯಲ್ಲಿ ವಾಹನಗಳನ್ನು ನಿಲ್ಲಿಸಿ, ಇಕ್ಕೆಲಗಳಲ್ಲಿ ಅನೇಕ ರಾಜ್ಯಗಳ ನೂರಾರು ಕಲಾವಿದರು ತಮ್ಮ ಚಿತ್ರಗಳನ್ನು ಹರಡುತ್ತಾರೆ. ‘ಸಂತೆ’ ಎಂಬ ಹೆಸರನ್ನು ಆರಿಸಿದವರ ವಿವೇಕ ಮೆಚ್ಚತಕ್ಕದ್ದು. ಸಂತೆಯಲ್ಲಿ ಸರಕನ್ನು ಮುಟ್ಟಿ ನೋಡಬಹುದು, ಚೌಕಾಸಿ ಮಾಡಬಹುದು, ಕೊಳ್ಳದೆಯೂ ಹೋಗಬಹುದು. ಚಿತ್ರಶಾಲೆಯ ಹೊಸ್ತಿಲಲ್ಲಿ ಚಪ್ಪಲಿಯನ್ನು ನೋಡಿಕೊಂಡು ಹಿಂಜರಿಯುವವನಿಗೆ ಇಲ್ಲಿ ಹಿಂಜರಿಕೆಯಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಬರೆದವನು ಬರೆದುದರ ಪಕ್ಕದಲ್ಲಿಯೇ ನಿಂತಿರುತ್ತಾನೆ. ‘ಇದು ಏನು?’ ಎಂದು ಗೃಹಿಣಿಯೊಬ್ಬಳು ಕೇಳಿದಾಗ, ಅಮೂರ್ತ ಚಿತ್ರವೊಂದನ್ನು ಮುಂದಿಟ್ಟುಕೊಂಡ ತರುಣನು ಪಾರಿಭಾಷಿಕ ಪದಗಳ ಆಶ್ರಯವಿಲ್ಲದೆ ಉತ್ತರಿಸಲು ಪಡುವ ಪಾಡು ಅವನ ಕಲಾಶಿಕ್ಷಣದ ಒಂದು ಭಾಗವೆಂದೇ ತಿಳಿಯಬೇಕು.

ಆದರೆ ಸಂತೆಗೆ ಸಂತೆಯ ದೋಷವೂ ಅಂಟಿಕೊಂಡಿದೆ. ಬೇಗ ಮಾರಾಟವಾಗುವುದು ಬೇಗ ಗುರುತು ಸಿಕ್ಕುವ ಚಿತ್ರ. ಕಣ್ಣು ಮುಚ್ಚಿದ ಬುದ್ಧ, ಓಡುವ ಕುದುರೆಗಳು, ನಾಲ್ಕು ರೇಖೆಗಳ ಗಣಪತಿ, ಕೊಡ ಹೊತ್ತ ಹಳ್ಳಿಯ ಹೆಣ್ಣು, ಇವು ಅಂಗಡಿಯಿಂದಂಗಡಿಗೆ ಮರುಕಳಿಸುತ್ತವೆ. ನೂರು ರೂಪಾಯಿಯಿಂದ ಲಕ್ಷದವರೆಗೆ ಬೆಲೆಯ ವೈವಿಧ್ಯವಿರುವಷ್ಟು ವಸ್ತುವಿನ ವೈವಿಧ್ಯವಿಲ್ಲ. ಇನ್ನು ನಡುಮಧ್ಯಾಹ್ನದ ನೂಕುನುಗ್ಗಲಿನಲ್ಲಿ ಒಂದು ಚಿತ್ರದ ಮುಂದೆ ಎರಡು ನಿಮಿಷ ನಿಲ್ಲುವುದೂ ಕಷ್ಟ. ಜನಪ್ರವಾಹವು ನೋಡುಗನನ್ನು ಮುಂದಕ್ಕೆ ತಳ್ಳುತ್ತದೆ. ಬಯಲಾಟದ ಪ್ರೇಕ್ಷಕನಿಗೆ ಇಡೀ ರಾತ್ರಿಯಿತ್ತು, ಮರುವರ್ಷವೂ ಅದೇ ಪ್ರಸಂಗವಿತ್ತು. ಚಿತ್ರಸಂತೆಯ ನೋಡುಗನಿಗಿರುವುದು ಒಂದೇ ಹಗಲು. ನಮ್ಮ ವಿದ್ಯಾರ್ಥಿಗಳನ್ನು ಅಲ್ಲಿಗೆ ಕಳುಹಿಸುವ ಅಧ್ಯಾಪಕರು ಮುಂಜಾನೆಯೇ ಹೋಗಿ ಹತ್ತು ಚಿತ್ರಗಳನ್ನು ಮಾತ್ರ ನೋಡಿ ಬರುವಂತೆ ಹೇಳುವುದು ಒಳ್ಳೆಯದು.

ಹಾಗಾದರೆ ಉಚಿತವೆಂಬುದರ ವೆಚ್ಚವನ್ನು ಹೊರುವವರು ಯಾರು? ಮೂರು ಉತ್ಸವಗಳಿಗೂ ಉತ್ತರ ಬೇರೆಬೇರೆ. ಹರಕೆಯ ಆಟದಲ್ಲಿ ಮನೆತನವೊಂದು ಹೊರುತ್ತದೆ. ಯಾರು ಹೊತ್ತರೆಂಬುದು ಊರಿಗೆಲ್ಲ ತಿಳಿದಿರುತ್ತದೆ. ದಸರೆಯಲ್ಲಿ ಬೊಕ್ಕಸ ಹೊರುತ್ತದೆ, ಎಂದರೆ ಕಂಬಿಯ ಹಿಂದೆ ನಿಂತವನೂ ಹೊರುತ್ತಾನೆ. ತಾನು ಅತಿಥಿಯಲ್ಲ, ಆತಿಥೇಯನೆಂದು ಮಾತ್ರ ಅವನಿಗೆ ಯಾರೂ ಹೇಳಿಲ್ಲ. ಚಿತ್ರಸಂತೆಯಲ್ಲಿ ವೆಚ್ಚದ ಒಂದು ಪಾಲು ಕಲಾವಿದನ ತಲೆಯ ಮೇಲೆಯೇ ಬೀಳುತ್ತದೆ. ದೂರದ ಊರಿನಿಂದ ಚಿತ್ರಗಳನ್ನು ಹೊತ್ತು ತಂದು, ಬಿಸಿಲಿನಲ್ಲಿ ನಿಂತು, ಏನೂ ಮಾರಾಟವಾಗದೆ ಹಿಂದಿರುಗಿದವನ ದೃಷ್ಟಿಯಲ್ಲಿ ಆ ದಿನ ಉಚಿತವಾಗಿರಲಿಲ್ಲ. ದಸರೆಯ ಮೆರವಣಿಗೆಯಲ್ಲಿ ಬನ್ನಿಮಂಟಪದವರೆಗೆ ಕುಣಿದು ಸಾಗುವ ಡೊಳ್ಳು, ನಂದಿಧ್ವಜ, ಪೂಜಾಕುಣಿತದ ತಂಡಗಳ ಸಂಭಾವನೆಯನ್ನೂ ಸಂಜೆಯ ವೇದಿಕೆಗೆ ಬರುವ ಚಲನಚಿತ್ರ ಗಾಯಕರ ಸಂಭಾವನೆಯನ್ನೂ ಒಂದೇ ಪಟ್ಟಿಯಲ್ಲಿ ಅಚ್ಚು ಮಾಡಿ ಪ್ರಕಟಿಸಿದರೆ, ನಾಡಹಬ್ಬದ ಕಲಾನೀತಿಯನ್ನು ಕುರಿತು ಭಾಷಣಗಳಿಂದ ತಿಳಿಯುವುದಕ್ಕಿಂತ ಹೆಚ್ಚು ತಿಳಿಯುವುದು.

ಇಂಥ ಪಟ್ಟಿಗಳೇ ಚರಿತ್ರೆಯ ವಿದ್ಯಾರ್ಥಿಗೆ ಬೇಕಾದ ಆಕರಗಳು. ಮಹಾನವಮಿಯ ಗಾಯಕರ ಹೆಸರುಗಳನ್ನು ಪಾಯೆಸನಾಗಲಿ ರಜಾಕನಾಗಲಿ ಬರೆದಿಡಲಿಲ್ಲ, ಅವರನ್ನು ಆಕ್ಷೇಪಿಸುವಂತಿಲ್ಲ. ಆದರೆ ನಮ್ಮ ಕಾಲದ ಆಹ್ವಾನಪತ್ರಿಕೆಗಳಲ್ಲಿಯೂ ಉಪಸ್ಥಿತರಿರುವ ಗಣ್ಯರ ಹೆಸರುಗಳಿಗೆ ಎರಡು ಪುಟ ಮೀಸಲಾಗಿ, ಮೃದಂಗ ನುಡಿಸಿದವನ ಹೆಸರು ಬಿಟ್ಟುಹೋಗುವುದುಂಟು. ಕಾರ್ಯಕ್ರಮ ಪತ್ರಿಕೆಗಳು, ಚಿತ್ರಸಂತೆಯ ಕಲಾವಿದರ ಯಾದಿಗಳು, ಮೇಳಗಳ ತಿರುಗಾಟದ ಲೆಕ್ಕಪುಸ್ತಕಗಳು ರದ್ದಿಗೆ ಹೋಗುವ ಮೊದಲೇ ಕಾಲೇಜುಗಳ ಗ್ರಂಥಭಂಡಾರಗಳಲ್ಲಿ ಸಂಗ್ರಹವಾಗಬೇಕು. ಹರಕೆಯ ಆಟದ ಕರೆಯೋಲೆಗಳಂತೂ ಕರಾವಳಿಯ ಮನೆಗಳಲ್ಲಿ ಮದುವೆಯ ಕಾಗದಗಳೊಡನೆ ಪೆಟ್ಟಿಗೆಗಳಲ್ಲಿ ಉಳಿದಿರುತ್ತವೆ. ತಾರೀಖು, ಪ್ರಸಂಗ, ಮೇಳದ ಹೆಸರು, ಮನೆಯೊಡೆಯನ ಹೆಸರು ಎಲ್ಲವೂ ಅವುಗಳಲ್ಲಿ ಇರುವುದರಿಂದ ಕೆಲಸವನ್ನು ಅಲ್ಲಿಂದ ತೊಡಗುವುದು ಸುಲಭ.