ಇಲಿ ಹೇಳಿದ್ದು, ಪ್ರಬಂಧ ಹೇಳಿಸಿದ್ದು

ತಿನಿಸಿಗೆ ಹಾಕುವ ಟಾರ್ಟ್ರಜಿನ್ ಎಂಬ ಹಳದಿ ಬಣ್ಣದ ಮಾತೆದ್ದಾಗಲೆಲ್ಲ ಜಪಾನಿನ ಟಿ. ತನಾಕಾ 2006ರಲ್ಲಿ ಪ್ರಕಟಿಸಿದ ಇಲಿಗಳ ಅಧ್ಯಯನ ಸಾಕ್ಷಿಗೆ ಬರುತ್ತದೆ. ವಿರೋಧಿಸುವವರೂ ಅದನ್ನೇ ತೋರಿಸುತ್ತಾರೆ, ಸಮರ್ಥಿಸುವವರೂ ಅದನ್ನೇ. ಎರಡೂ ಕಡೆಯವರು ಅದಕ್ಕೆ ಸಲ್ಲದ ಮರ್ಯಾದೆ ಕೊಟ್ಟಿದ್ದಾರೆ ಎಂಬುದು ನನ್ನ ತಕರಾರು. ಕೃತಕ ಬಣ್ಣ ಮಕ್ಕಳನ್ನು ಚಂಚಲಗೊಳಿಸುತ್ತದೆಂದು ಅಮೆರಿಕದ ವೈದ್ಯ ಫೈನ್‌ಗೋಲ್ಡ್ ಎಬ್ಬಿಸಿದ ಗದ್ದಲ, ಅದನ್ನು ಮಕ್ಕಳಲ್ಲೇ ಪರೀಕ್ಷಿಸಿದ 2007ರ ಸೌತಾಂಪ್ಟನ್ ಪ್ರಯೋಗ, ಅದರ ಬಳಿಕ ಇಂಥ ಬಣ್ಣವಿರುವ ತಿನಿಸಿಗೆ ಯುರೋಪ್ ಕಡ್ಡಾಯ ಮಾಡಿದ ಎಚ್ಚರಿಕೆ ಚೀಟಿ, ಇವೆಲ್ಲ ಈ ವಾದದ ಹಿನ್ನೆಲೆ.

ಪ್ರಯೋಗದಲ್ಲಿ ಶ್ರಮವಿದೆ, ಒಪ್ಪಬೇಕು. ಐದು ವಾರದ ಇಲಿಗಳ ಆಹಾರಕ್ಕೆ ಬಣ್ಣ ಬೆರೆಸಿ, ಅವುಗಳ ಮರಿಗಳು ಒಂಬತ್ತು ವಾರದವಾಗುವ ತನಕ ಉಣಿಸಲಾಯಿತು. ನಾಲ್ಕು ದಿನದ ಮರಿಯನ್ನು ಅಂಗಾತ ಮಲಗಿಸಿದರೆ ಅದು ಎಷ್ಟು ಹೊತ್ತಿಗೆ ಮಗುಚಿಕೊಳ್ಳುತ್ತದೆ ಎಂದು ಅಳೆದರು. ಹೆಚ್ಚು ಬಣ್ಣ ಸಿಕ್ಕ ಗುಂಪಿನ ಗಂಡುಮರಿಗಳು ಬೇಗ ಮಗುಚಿಕೊಂಡವು. ಬೇಗ! ಇದನ್ನು ಕೇಡೆನ್ನುವುದು ಯಾವ ಲೆಕ್ಕದಲ್ಲಿ? ನರಮಂಡಲದ ಬೆಳವಣಿಗೆ ಹೊತ್ತಿಗೆ ಮುಂಚೆ ನಡೆಯುವುದೂ ಏರುಪೇರೇ ಎಂದು ವಾದಿಸಬಹುದು, ಆದರೆ ವಾದಿಸಬೇಕಲ್ಲ! ಮೇಲಾಗಿ, ಇಷ್ಟೊಂದು ಪರೀಕ್ಷೆ, ಇಷ್ಟೊಂದು ವಯಸ್ಸು, ಎರಡು ಲಿಂಗ, ಮೂರು ಪ್ರಮಾಣ ಇಟ್ಟುಕೊಂಡು ಹುಡುಕಿದರೆ ಇಪ್ಪತ್ತಕ್ಕೊಂದು ಫಲಿತಾಂಶ ಬರೀ ಆಕಸ್ಮಿಕವಾಗಿಯೇ ಮಹತ್ವದ್ದೆಂದು ಕಾಣಿಸುತ್ತದೆ.

ನಿಜವಾದ ಎಡವಟ್ಟು ಇರುವುದು ತೀರ್ಮಾನದಲ್ಲಿ. ಕೊಟ್ಟ ಪ್ರಮಾಣ ದಿನದ ಸುರಕ್ಷಿತ ಮಿತಿಯನ್ನು ಮೀರಿದ್ದು, ಮನುಷ್ಯರು ತಿನ್ನುವುದು ಅದಕ್ಕಿಂತ ಎಷ್ಟೋ ಕಡಿಮೆ, ಆದ್ದರಿಂದ ಅಪಾಯವಿಲ್ಲದಿರಬಹುದು ಎಂದು ಪ್ರಬಂಧ ಮುಗಿಯುತ್ತದೆ. ಆಗಿನ ಮಿತಿ ಎಷ್ಟು? ಕಿಲೋ ದೇಹತೂಕಕ್ಕೆ 7.5 ಮಿಲಿಗ್ರಾಂ, ನಿಗದಿಯಾದದ್ದು 1964ರಲ್ಲಿ. ಇಲಿಗಳಿಗೆ ಕೊಟ್ಟ ಅತಿ ಕಡಿಮೆ ಪ್ರಮಾಣವೇ ಸುಮಾರು 83, ಅಂದರೆ ಹನ್ನೊಂದು ಪಟ್ಟು. ಮಿತಿಯ ಆಸುಪಾಸಿನಲ್ಲಿ ಏನಾಗುತ್ತದೆಂದು ಈ ಪ್ರಯೋಗ ನೋಡಿಯೇ ಇಲ್ಲ. ಜೊತೆಗೆ, ಆ ಮಿತಿ ನಿಂತಿದ್ದು ನಡವಳಿಕೆಯನ್ನು ಅಳೆಯಲೆಂದು ಮಾಡಿರದ ಹಳೆಯ ಅಧ್ಯಯನಗಳ ಮೇಲೆ. ನಡವಳಿಕೆಯನ್ನು ಲೆಕ್ಕಕ್ಕೇ ಹಿಡಿಯದ ಅಳತೆಗೋಲಿನಿಂದ ನಡವಳಿಕೆಯ ಬದಲಾವಣೆಯನ್ನು ತಳ್ಳಿಹಾಕುವುದು ಯಾವ ನ್ಯಾಯ? 2021ರಲ್ಲಿ ಕ್ಯಾಲಿಫೋರ್ನಿಯಾದ ಪರಿಸರ ಆರೋಗ್ಯ ಕಚೇರಿ ಅಮೆರಿಕದ ಮಿತಿಗಳ ಬಗ್ಗೆ ಎತ್ತಿದ ಆಕ್ಷೇಪವೂ ಇದೇ: ಅವುಗಳ ಆಧಾರ 35ರಿಂದ 70 ವರ್ಷ ಹಳೆಯದು. ಬಣ್ಣದ ವಕೀಲರು ತನಾಕಾರ ಕೊನೆಯ ಮಾತನ್ನು ಉದ್ಧರಿಸುವಾಗ ಇದನ್ನು ಜಾಣತನದಿಂದ ಮರೆಯುತ್ತಾರೆ.

ಎದುರು ಪಾಳೆಯದವರೂ ಕಡಿಮೆಯಿಲ್ಲ. 2024ರಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ ಬಾಂಬೆ ಮಿಠಾಯಿಗೆ ರೋಡಮಿನ್-ಬಿ ಬಳಸುವುದನ್ನೂ ನಿಷೇಧಿಸಿದಾಗ ಇಲಿಗಳ ಚುರುಕನ್ನೂ ಮಕ್ಕಳ ಚಂಚಲತೆಯನ್ನೂ ಅದರ ಜೊತೆ ಕಲಸಿದವರಿದ್ದಾರೆ. ರೋಡಮಿನ್-ಬಿ ಬಟ್ಟೆಗೆ ಹಾಕುವ ಬಣ್ಣ. ತಿನಿಸಿನಲ್ಲಿ ಅದಕ್ಕೆ ಅನುಮತಿಯೇ ಇಲ್ಲ. ಅದನ್ನು ನಿಲ್ಲಿಸಲು ತನಾಕಾರ ಇಲಿಮರಿ ಬೇಗ ಮಗುಚಿಕೊಳ್ಳಬೇಕಾಗಿರಲಿಲ್ಲ.