ಬಾರದ ನೀರಿನ ಬಯಕೆ: ‘ಕೆರೆಗೆ ಹಾರ’ದ ನಿರೂಪಕ

ಕನ್ನಡದ ಜನಪದ ಕಥನಗೀತಗಳಲ್ಲಿ ‘ಕೆರೆಗೆ ಹಾರ’ ಸುಪ್ರಸಿದ್ಧವಾದುದು. ಅದರ ವಿಮರ್ಶೆಯ ಬಹುಭಾಗ ಭಾಗೀರಥಿಯ ತ್ಯಾಗವನ್ನು ಕುರಿತದ್ದು. ಆ ಬಲಿಗೆ ಕೇಳುಗನ ಮನಸ್ಸನ್ನು ಅಣಿಗೊಳಿಸುವ ನಿರೂಪಕನ ಕ್ರಮವನ್ನು ಪರಿಶೀಲಿಸುವುದು ಈ ಟಿಪ್ಪಣಿಯ ಉದ್ದೇಶ.

ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ನೀರು ಬರುವುದಿಲ್ಲ. ಸೊಸೆಯೊಬ್ಬಳನ್ನು ಹಾರವಾಗಿ ಕೊಡಬೇಕೆಂದಾಗುತ್ತದೆ. ಹಿರಿಯಳನ್ನು ಕೊಟ್ಟರೆ ಮನೆತನಕ್ಕೆ ಆಧಾರವಿಲ್ಲವೆಂದು ಕಿರಿಯಳಾದ ಭಾಗೀರಥಿಯನ್ನು ಆರಿಸುತ್ತಾರೆ. ಮಧ್ಯಕಾಲೀನ ಕರ್ನಾಟಕದಲ್ಲಿ ಕೆರೆ ಕಟ್ಟಿಸುವುದು ಸಪ್ತಸಂತಾನಗಳಲ್ಲೊಂದೆನಿಸಿದ ಪುಣ್ಯಕಾರ್ಯ. ಶಾಸನಗಳು ಸಾಮಾನ್ಯವಾಗಿ ಕಟ್ಟಿಸಿದವನ ಹೆಸರನ್ನು ಹೇಳುತ್ತವೆ. ಈ ಹಾಡು ಬೆಲೆ ತೆತ್ತವಳ ಹೆಸರನ್ನು ಹೇಳುತ್ತದೆ.

ತೆಲುಗಿನಲ್ಲಿ ಇದಕ್ಕೆ ಸಮೀಪದ ಕಥೆಯುಂಟು. ಕಟ್ಟಮಂಚಿ ರಾಮಲಿಂಗಾರೆಡ್ಡಿಯವರ ‘ಮುಸಲಮ್ಮ ಮರಣಮು’ ಕಾವ್ಯದ ನಾಯಕಿ ಒಡೆಯಲಿರುವ ಕೆರೆಯನ್ನು ಉಳಿಸಲು ಪ್ರಾಣ ಕೊಡುತ್ತಾಳೆ. ಅಲ್ಲಿ ನೀರು ಕಣ್ಣೆದುರಿಗಿದೆ. ಇಲ್ಲಿ ಅದನ್ನು ಕೇಳುಗನೇ ಕಲ್ಪಿಸಿಕೊಳ್ಳಬೇಕು. ಬರಿದಾದ ಕೆರೆಯನ್ನು ತೋರಿಸಿದೊಡನೆ ತುಂಬಿದ ಕೆರೆಯನ್ನು ಬಯಸುವವರಲ್ಲಿ ನಾವೂ ಸೇರಿಬಿಡುತ್ತೇವೆ.

ಅಮೆರಿಕದ ಲೇಖಕಿ ಅರ್ಸುಲಾ ಲೆ ಗ್ವಿನ್ 1973ರಲ್ಲಿ ಪ್ರಕಟಿಸಿದ ಒಮೆಲಾಸ್ ನಗರದ ಕಥೆ ಇಲ್ಲಿ ಹೋಲಿಕೆಗೆ ಅರ್ಹ. ಅದರ ನಿರೂಪಕನು ಸುಖದ ನಗರವನ್ನು ಓದುಗನ ಇಚ್ಛೆಯಂತೆಯೇ ಕಟ್ಟಿಕೊಳ್ಳಲು ಬಿಟ್ಟು, ಆ ಸುಖವೆಲ್ಲ ನೆಲಮಾಳಿಗೆಯಲ್ಲಿ ನರಳುವ ಒಂದು ಮಗುವಿನ ಮೇಲೆ ನಿಂತಿದೆಯೆಂದು ಆಮೇಲೆ ತಿಳಿಸುತ್ತಾನೆ. ಒಪ್ಪಿಗೆ ಮೊದಲು, ಬೆಲೆ ನಂತರ. ನಮ್ಮ ಹಾಡುಗಾರ್ತಿಯ ಕ್ರಮ ಇನ್ನೂ ಕಠಿಣ. ಆಕೆ ಬೆಲೆಯನ್ನು ಆರಂಭದಲ್ಲಿಯೇ ಹೇಳಿ, ಆಮೇಲೂ ನೀರಿನ ಬಯಕೆಯನ್ನು ನಮ್ಮಲ್ಲಿ ಉಳಿಸುತ್ತಾಳೆ. ಯಾರನ್ನೂ ದುಷ್ಟರೆನ್ನುವುದಿಲ್ಲ, ಅಡುಗೆ, ಪೂಜೆ, ಮರೆತು ಬಂದ ಬಂಗಾರದ ಬಟ್ಟಲು ಮುಂತಾದ ಮನೆವಾರ್ತೆಯ ವಿವರಗಳಲ್ಲಿ ಕೊಲೆಯು ಹಬ್ಬದ ರೂಪ ತಾಳುತ್ತದೆ. ಬಟ್ಟಲು ತರಲು ಮರಳಿದವಳು ಮೆಟ್ಟಿಲೇರುತ್ತಿದ್ದಂತೆ ನೀರೂ ಏರುತ್ತದೆ. ನಾವು ಬಯಸಿದ್ದು ಬರುವ ಕ್ಷಣವೂ ಆಕೆ ಮುಳುಗುವ ಕ್ಷಣವೂ ಒಂದೇ.

ಭಾಗೀರಥಿಯ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ. ತವರಿನಲ್ಲಿ ಹೆತ್ತವರಿಗೆ ನಿಜ ಹೇಳಲಾರದೆ ಗೆಳತಿಗೆ ಹೇಳಿದರೆ, ಇಟ್ಟಂತೆ ಇರಬೇಕೆಂಬ ಬುದ್ಧಿಮಾತಷ್ಟೇ ದೊರೆಯುತ್ತದೆ. ಆದ್ದರಿಂದ ಆಕೆಯನ್ನು ‘ತ್ಯಾಗಮೂರ್ತಿ’ಯೆಂದಷ್ಟೇ ಕೊಂಡಾಡುವ ವಿಮರ್ಶೆ ಗೌಡನ ಮನೆಯ ತೀರ್ಮಾನಕ್ಕೆ ರುಜು ಹಾಕಿದಂತೆ.

ಒಮೆಲಾಸಿನಲ್ಲಿ ಆ ಬೆಲೆಯನ್ನು ಸಹಿಸದ ಕೆಲವರು ನಗರವನ್ನೇ ತೊರೆದು ನಡೆಯುತ್ತಾರೆ. ಇಲ್ಲಿ ದಂಡಿನಿಂದ ಮರಳಿದ ಗಂಡ ಮಾದೇವರಾಯ ಅದೇ ಕೆರೆಗೆ ಹಾರುತ್ತಾನೆ. ಊರನ್ನು ತೊರೆಯುವ ದಾರಿಯನ್ನು ಹಾಡು ಯಾರಿಗೂ ತೋರಿಸುವುದಿಲ್ಲ. ಕೇಳುಗನೂ ದಡದಲ್ಲಿಯೇ, ತಾನು ಬಯಸಿದ ನೀರಿನೆದುರು ನಿಂತಿರುತ್ತಾನೆ.